ತಿಂಗಳಿಗೆ ಒಂದೇ ಕ್ಯಾಸೆಟ್: ಹಳೆಯ ಇಂಡಿ ಹಾಡು ಕೇಳುವ ಬಗೆ

ಹೋದ ಜೂನ್‌ನಲ್ಲಿ ನಮ್ಮ ಅಕ್ಕನ ಮಗ ಮನೆಗೆ ಬಂದಿದ್ದ. ಕಪ್ಪು ಟೀ ಶರ್ಟ್, ಎದೆಯ ಮೇಲೆ ಬಿಳಿ ಗೆರೆಗಳು. ಒಂದರ ಕೆಳಗೊಂದು, ಬೆಟ್ಟದ ಸಾಲಿನ ಹಾಗೆ. ನನಗೆ ಎಷ್ಟು ಖುಷಿಯಾಯಿತು ಅಂದರೆ, ಕಾಫಿ ಲೋಟ ಅಲ್ಲೇ ಇಟ್ಟು, "ನೀನೂ ಇದನ್ನ ಕೇಳ್ತೀಯೇನೋ?" ಅಂದೆ.

"ಏನನ್ನ ಚಿಕ್ಕಮ್ಮ? ಅರಸು ರೋಡಲ್ಲಿ ತಗೊಂಡೆ. ಡಿಸೈನ್ ಚೆನ್ನಾಗಿತ್ತು."

ಅವನನ್ನು ಕೂರಿಸಿಕೊಂಡು ಹೇಳಿದೆ. ಆ ಗೆರೆಗಳು ಆಕಾಶದಿಂದ ಬಂದ ಮಿಡಿತ. 1967ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಓದುತ್ತಿದ್ದ ಜೋಸೆಲಿನ್ ಬೆಲ್ ಎಂಬ ಹುಡುಗಿ ಮೊದಲ ಸಲ ಗುರುತಿಸಿದ ಪಲ್ಸಾರ್, ಅಂದರೆ ಮಿಡಿಯುವ ನಕ್ಷತ್ರ, ಅದು. ಸುಮಾರು 1.34 ಸೆಕೆಂಡಿಗೆ ಒಂದು ಸಲ ಮಿಡಿಯುತ್ತದೆ. ಆ ಮಿಡಿತಗಳ ಚಿತ್ರ ಒಂದು ಖಗೋಳ ವಿಜ್ಞಾನದ ಪುಸ್ತಕದಲ್ಲಿತ್ತು. 1979ರಲ್ಲಿ ಮ್ಯಾಂಚೆಸ್ಟರ್ ಕಡೆಯ ಜಾಯ್ ಡಿವಿಷನ್ ಅನ್ನುವ ನಾಲ್ಕು ಹುಡುಗರ ಬ್ಯಾಂಡು ಅದನ್ನೇ ತಮ್ಮ ಮೊದಲ ಆಲ್ಬಮ್ಮಿನ ಮುಖಪುಟ ಮಾಡಿಕೊಂಡಿತು. ಆಲ್ಬಮ್ ಹೆಸರು ಅನ್‌ನೋನ್ ಪ್ಲೆಷರ್ಸ್. ನಾನು ಕಾಲೇಜಿನ ಫಿಸಿಕ್ಸ್ ಲ್ಯಾಬಲ್ಲಿ ಕೆಲಸ ಮಾಡುವವಳು. ಪಲ್ಸಾರ್ ವಿಷಯ ಬಂದರೆ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ.

ಅವನು ಅಲ್ಲೇ ಫೋನಿನಲ್ಲಿ ಹಾಕಿ ಕೇಳಿದ. ಒಂದೂವರೆ ಹಾಡು. "ಯಾಕೋ ಹಿಡೀಲಿಲ್ಲ ಚಿಕ್ಕಮ್ಮ. ನೀನು ಇದನ್ನೆಲ್ಲ ಹೆಂಗೆ ಕೇಳ್ತಿದ್ದೆ?" ಅಂದ.

ಕೇಳಬೇಕಾದ ಪ್ರಶ್ನೆಯೇ ಅದು. ದೊಡ್ಡ ಕಂಪನಿಗಳ ಹಂಗಿಲ್ಲದೆ ಶುರುವಾದ ಇಂಥ ಹಾಡುಗಳಿಗೆ ಇಂಡಿ ಅನ್ನುತ್ತಾರೆ. ಅವತ್ತು ಅವನಿಗೆ ಹೇಳಿದ್ದನ್ನು, ಹೇಳಲು ಮರೆತದ್ದನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ.

ಶೂ ಡಬ್ಬಿ

1992ರಲ್ಲಿ ನಾವು ಮೈಸೂರಿನ ಲಕ್ಷ್ಮೀಪುರಂನಲ್ಲಿದ್ದೆವು. ಆಗ ಅಷ್ಟಾಂಗ ಯೋಗ ಶಾಲೆ ಅಲ್ಲೇ ಇತ್ತು. ಅದು ಗೋಕುಲಂಗೆ ಹೋಗಿದ್ದು 2002ರಲ್ಲಿ. ಯೋಗ ಕಲಿಯಲು ಬಂದ ವಿದೇಶಿಯರಿಗೆ ಸುತ್ತಮುತ್ತಲ ಮನೆಯವರು ಮಹಡಿ ಕೋಣೆ ಬಾಡಿಗೆಗೆ ಕೊಡುತ್ತಿದ್ದರು. ನಮ್ಮ ಮನೆಯ ಕೋಣೆಯಲ್ಲಿ ಒಬ್ಬ ಅಮೆರಿಕದ ಹುಡುಗ ಐದು ತಿಂಗಳಿದ್ದ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೋಗುತ್ತಿದ್ದ. ಸಂಜೆ ವಾಕ್‌ಮನ್ ಕಿವಿಗೆ ಹಾಕಿಕೊಂಡು ತಾರಸಿಯಲ್ಲಿ ಕೂರುತ್ತಿದ್ದ. ಊರಿಗೆ ಹೊರಟಾಗ ಬ್ಯಾಗು ಭಾರವಾಯಿತು ಅಂತ ಒಂದು ಶೂ ಡಬ್ಬಿಯನ್ನು ನಮ್ಮ ಅಜ್ಜಿಯ ಕೈಗಿಟ್ಟು ಹೋದ.

ಅದರಲ್ಲಿ ಹನ್ನೊಂದು ಕ್ಯಾಸೆಟ್ ಇದ್ದವು. ನನಗೆ 17 ವರ್ಷ. ನನಗೆ ಗೊತ್ತಿದ್ದ ಇಂಗ್ಲಿಷ್ ಹಾಡು ಅಂದರೆ ಮೈಕೆಲ್ ಜಾಕ್ಸನ್ ಅಷ್ಟೇ. ಮನೆಯ ಟೂ ಇನ್ ಒನ್‌ನಲ್ಲಿ ಮೊದಲನೆಯದನ್ನು ಹಾಕಿದೆ. ಹಿಡಿಸಲಿಲ್ಲ. ಎರಡನೆಯದೂ ಅಷ್ಟೇ. ಆದರೆ ಬೇರೆ ಏನು ತಾನೇ ಇತ್ತು? ಹೊಸ ಕ್ಯಾಸೆಟ್ ಕೊಳ್ಳಲು ದುಡ್ಡಿರಲಿಲ್ಲ. ಮತ್ತೆ ಮತ್ತೆ ಅವನ್ನೇ ಹಾಕಿದೆ. ನಾಲ್ಕನೇ ಸಲವೋ ಐದನೇ ಸಲವೋ, ಪಾತ್ರೆ ತೊಳೆಯುವಾಗ ಒಂದು ಹಾಡಿನ ಗಿಟಾರಿನ ಸಾಲನ್ನು ನಾನೇ ಗುನುಗುತ್ತಿದ್ದೆ. ಯಾವಾಗ ಒಳಗೆ ಬಂದು ಕೂತಿತೋ ಗೊತ್ತಾಗಲಿಲ್ಲ.

ಹನ್ನೊಂದೇ ಇದ್ದದ್ದು ನನ್ನ ಪುಣ್ಯ. ಇವತ್ತು ಫೋನಿನಲ್ಲಿ ಕೋಟಿಗಟ್ಟಲೆ ಹಾಡು ಇವೆ. ಒಂದೂವರೆ ಹಾಡಿಗೆ ಹಿಡಿಸದಿದ್ದರೆ ಮುಂದಿನದಕ್ಕೆ ಹೋಗುತ್ತೇವೆ. ಈ ಹಳೆಯ ಹಾಡುಗಳು ಹಾಗೆ ಸಿಗುವಂಥವಲ್ಲ. ಇವು ಮೊದಲ ದಿನ ಬಾಗಿಲು ತೆಗೆಯುವುದಿಲ್ಲ. ನಾಲ್ಕು ದಿನ ಹೋಗಿ ಬಂದರೆ ಆಮೇಲೆ ಊಟಕ್ಕೆ ಕೂರಿಸುತ್ತವೆ. ಅದಕ್ಕೇ ನನ್ನ ವಿಧಾನ ಒಂದೇ: ಒಂದು ತಿಂಗಳು, ಒಂದೇ ಆಲ್ಬಮ್.

ಮೊದಲ ತಿಂಗಳು

ಆರ್‌ಇಎಂ ಬ್ಯಾಂಡಿನ ಮೊದಲ ಪೂರ್ತಿ ಆಲ್ಬಮ್, ಮರ್ಮರ್, ಇದರಿಂದ ಶುರುಮಾಡಿ. 1983ರದು. ಹನ್ನೆರಡು ಹಾಡು, 44 ನಿಮಿಷ. ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಅನ್ನುವ ಕಾಲೇಜು ಊರಿನ ನಾಲ್ವರು ಮಾಡಿದ್ದು. ಮೈಸೂರಿನವರಿಗೆ ಕಾಲೇಜು ಊರು ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಫೋನಿನಲ್ಲಿ ಕೇಳುವುದಾದರೆ ಆಲ್ಬಮ್ಮನ್ನು ಡೌನ್‌ಲೋಡ್ ಮಾಡಿಕೊಳ್ಳಿ. ಶಫಲ್ ತೆಗೆದುಬಿಡಿ. ಫೋನನ್ನು ಫ್ಲೈಟ್ ಮೋಡಿಗೆ ಹಾಕಿ. ಮೊದಲ ವಾರ ಸುಮ್ನೆ ಕೆಲಸ ಮಾಡುತ್ತಾ ಕೇಳಿ. ಸೊಪ್ಪು ಬಿಡಿಸುವಾಗ, ಇಸ್ತ್ರಿ ಮಾಡುವಾಗ, ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಬರುವಾಗ. ಇಷ್ಟವಾಯಿತೋ ಇಲ್ಲವೋ ಅಂತ ಲೆಕ್ಕ ಹಾಕಬೇಡಿ. ಇಷ್ಟವಾಗದಿದ್ದರೂ ಮೊದಲಿಂದ ಕೊನೆಯವರೆಗೆ ಓಡಲಿ. ಹಾಡುಗಳನ್ನು ಆ ಕ್ರಮದಲ್ಲಿ ಜೋಡಿಸಿದವರು ಯೋಚಿಸಿಯೇ ಜೋಡಿಸಿದ್ದಾರೆ.

ಎರಡನೇ ವಾರ ಇಯರ್‌ಫೋನ್ ಹಾಕಿಕೊಂಡು ಒಂದೇ ವಾದ್ಯದ ಹಿಂದೆ ಹೋಗಿ. ನಾನು ಯಾವಾಗಲೂ ಬಾಸ್ ಗಿಟಾರಿನ ಹಿಂದೆ ಹೋಗುತ್ತೇನೆ. ಈ ಆಲ್ಬಮ್ಮಿನಲ್ಲಿ ಬಾಸ್ ಸುಮ್ನೆ ತಾಳ ಹಿಡಿದು ಕೂರುವುದಿಲ್ಲ, ತಾನೇ ಇನ್ನೊಂದು ರಾಗ ಹಾಡುತ್ತಿರುತ್ತದೆ. ಅದು ಕಿವಿಗೆ ಬಿದ್ದ ದಿನ ಹಾಡಿನ ಇಡೀ ಆಕಾರವೇ ಬದಲಾಗುತ್ತದೆ.

ಮಾತು ಅರ್ಥವಾಗುವುದಿಲ್ಲ ಅಂತ ಹೆದರಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ "ನಮ್ಮ ಇಂಗ್ಲಿಷ್ ಅಷ್ಟಕ್ಕಷ್ಟೇ" ಅಂತ ಎಷ್ಟೋ ಜನ ಇಲ್ಲೇ ನಿಂತುಬಿಡುತ್ತಾರೆ. ಮರ್ಮರ್ ಅಂದರೇ ಗುನುಗು, ಪಿಸುಮಾತು. ಬ್ಯಾಂಡಿನ ಹಾಡುಗಾರ ಮೈಕೆಲ್ ಸ್ಟೈಪ್ ಮಾತುಗಳನ್ನು ಬಾಯಲ್ಲೇ ನುಂಗಿ ಹಾಡುತ್ತಾರೆ. ಅಮೆರಿಕದವರಿಗೂ ಅರ್ಧ ಮಾತು ತಿಳಿಯುತ್ತಿರಲಿಲ್ಲ. ತೆಲುಗು ಬಾರದ ನಮ್ಮ ಅಜ್ಜಿ ತ್ಯಾಗರಾಜರ ಕೀರ್ತನೆ ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದರು. ಕಿವಿ ಮೊದಲು ದನಿಯನ್ನು ಹಿಡಿಯುತ್ತದೆ, ಮಾತು ಆಮೇಲೆ ಬರುತ್ತದೆ. ಮೂರನೇ ವಾರದವರೆಗೆ ಸಾಹಿತ್ಯ ಹುಡುಕಿ ಓದಬೇಡಿ.

ಮೂರನೇ ವಾರ ಓದಿ. ಸಾಹಿತ್ಯ ಓದಿ, ಯಾರು ಎಲ್ಲಿ ಹೇಗೆ ರೆಕಾರ್ಡ್ ಮಾಡಿದರು ಅಂತಲೂ ಓದಿ. ಹನ್ನೊಂದನೇ ಹಾಡಿನಲ್ಲಿ ಒಂದು ಗುಡುಗಿನ ಸದ್ದು ಬರುತ್ತದೆ. ವರ್ಷಗಟ್ಟಲೆ ಅದನ್ನು ಗುಡುಗು ಅಂತಲೇ ನಂಬಿದ್ದೆ. ನಮ್ಮ ತಾರಸಿಯ ಶೀಟಿನ ಮೇಲೆ ಮಳೆ ಹುಯ್ಯುವಾಗ ಆ ಹಾಡು ಹಾಕಿ, ಯಾವುದು ಒಳಗಿನ ಗುಡುಗು ಯಾವುದು ಹೊರಗಿನದು ಅಂತ ಆಟ ಆಡುತ್ತಿದ್ದೆ. ಆಮೇಲೆ ಓದಿದರೆ ಅದು ಗುಡುಗೇ ಅಲ್ಲ. ಬಿಲಿಯರ್ಡ್ಸ್ ಚೆಂಡುಗಳು ಒಂದಕ್ಕೊಂದು ಬಡಿಯುವ ಸದ್ದನ್ನು ರೆಕಾರ್ಡ್ ಮಾಡಿ, ಟೇಪನ್ನು ನಿಧಾನವಾಗಿ ಓಡಿಸಿದ್ದಾರೆ. ಅವತ್ತು ನನಗೆ ಆದ ಸಂತೋಷ ಹೇಳತೀರದು. ಬಿಡುವಿನಲ್ಲಿ ಆಡುತ್ತಿದ್ದ ಆಟದ ಸದ್ದನ್ನೂ ಬಿಡದೆ ಹಾಡಿಗೆ ಹಾಕಿದ್ದಾರೆ, ನೋಡಿ.

ಕೊನೆಯ ವಾರ, ಒಂದು ಸಂಜೆ, ದೀಪ ಆರಿಸಿ ಪೂರ್ತಿ ಕೇಳಿ. ಆಗಲೂ ಹಿಡಿಸದಿದ್ದರೆ ಬಿಟ್ಟುಬಿಡಿ, ಬೇಜಾರಿಲ್ಲ. ಒಂದು ತಿಂಗಳು ಕೇಳಿ ಬಿಟ್ಟದ್ದು ಒಂದೂವರೆ ಹಾಡಿಗೆ ಬಿಟ್ಟದ್ದಕ್ಕಿಂತ ಬೇರೆ.

ಆಲೆಮನೆ

ಇಂಡಿ ಅಂದರೇನು ಅಂತ ಅಕ್ಕನ ಮಗ ಕೇಳಿದಾಗ ಅವನಿಗೆ ಆಲೆಮನೆಯ ಲೆಕ್ಕ ಹೇಳಿದೆ. ನಮ್ಮಮ್ಮನ ತವರು ಮಂಡ್ಯದ ಕಡೆ. ಕಬ್ಬು ಬೆಳೆದವರು ಕಾರ್ಖಾನೆಗೆ ಕೊಟ್ಟರೆ ಸಕ್ಕರೆಯಾಗುತ್ತದೆ. ಯಾರ ಗದ್ದೆಯ ಕಬ್ಬಾದರೂ ಸಕ್ಕರೆ ಒಂದೇ ಥರ. ಅದೇ ಕಬ್ಬನ್ನು ಆಲೆಮನೆಗೆ ಹಾಕಿದರೆ ಬೆಲ್ಲ. ಕಬ್ಬಿನ ಹಾಲನ್ನು ಎಷ್ಟು ಹೊತ್ತು ಕಾಯಿಸಿದರು, ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ ಹಾಕಿದರೋ ಇಲ್ಲವೋ, ಪಾಕ ಇಳಿಸಿದವನ ಕೈ ಎಂಥದು, ಎಲ್ಲವೂ ಬೆಲ್ಲದ ರುಚಿಯಲ್ಲಿ ಗೊತ್ತಾಗುತ್ತದೆ. ಒಂದೊಂದು ಆಲೆಮನೆಯ ಬೆಲ್ಲ ಒಂದೊಂದು ಬಣ್ಣ.

ಇಂಡಿ ಅನ್ನುವುದು ಶುರುವಿನಲ್ಲಿ ರಾಗದ ಹೆಸರೂ ಅಲ್ಲ, ಶೈಲಿಯ ಹೆಸರೂ ಅಲ್ಲ. ರೆಕಾರ್ಡನ್ನು ಯಾರು ಮಾಡಿದರು, ಅಂಗಡಿಗೆ ಯಾರು ತಲುಪಿಸಿದರು ಅನ್ನುವುದರ ಹೆಸರು. ಬ್ರಿಟನ್ನಿನಲ್ಲಿ 1980ರಲ್ಲಿ ಇಂಡಿ ಹಾಡುಗಳಿಗೇ ಬೇರೆ ಪಟ್ಟಿ ಶುರುವಾಯಿತು. ಆ ಪಟ್ಟಿಗೆ ಬರಲು ಇದ್ದದ್ದು ಒಂದೇ ಷರತ್ತು: ದೊಡ್ಡ ಕಂಪನಿಗಳ ಸಾಗಣೆ ಜಾಲದಿಂದ ಬಂದಿರಬಾರದು.

ಇದಕ್ಕೆ ದಾರಿ ತೋರಿಸಿದವರಲ್ಲಿ ಬಜ್‌ಕಾಕ್ಸ್ ಅನ್ನುವ ಮ್ಯಾಂಚೆಸ್ಟರ್ ಬ್ಯಾಂಡು ಮುಖ್ಯ. 1977ರ ಜನವರಿಯಲ್ಲಿ ನಾಲ್ಕು ಹಾಡಿನ ಒಂದು ಪುಟ್ಟ ರೆಕಾರ್ಡನ್ನು ತಾವೇ ತಂದರು. ಮನೆಯವರ ಹತ್ತಿರ, ಸ್ನೇಹಿತರ ಹತ್ತಿರ 500 ಪೌಂಡ್ ಸಾಲ ಮಾಡಿದರು. ಮೊದಲು ಒತ್ತಿಸಿದ್ದು 1,000 ಪ್ರತಿ. ಯಾವ ಹಾಡನ್ನು ಎಷ್ಟನೇ ಸಲಕ್ಕೆ ಸರಿಯಾಗಿ ನುಡಿಸಿದೆವು ಅನ್ನುವುದನ್ನೂ ಕವರಿನ ಮೇಲೆ ಅಚ್ಚು ಹಾಕಿದರು. ನೋಡಿ, ಇಷ್ಟೇ ಕೆಲಸ, ನೀವೂ ಮಾಡಬಹುದು ಅಂತ ಕೈಹಿಡಿದು ಹೇಳಿದ ಹಾಗೆ. ಆಮೇಲೆ ಎಷ್ಟೋ ಊರುಗಳಲ್ಲಿ ಎಷ್ಟೋ ಹುಡುಗರು ಹುಡುಗಿಯರು ಮಾಡಿಯೇಬಿಟ್ಟರು.

ನಮ್ಮ ಮೈಸೂರಿಗೆ ಇದು ಹೊಸ ವಿಷಯ ಅಲ್ಲ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆ ವಿಠ್ಠಲ ವಿಹಾರದಲ್ಲಿ 30 ವ್ಯಾಟಿನ ಒಂದು ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೋ ಶುರುಮಾಡಿದರು. ಆಕಾಶವಾಣಿ ಅನ್ನುವ ಹೆಸರು ಹುಟ್ಟಿದ್ದು ಆ ಮನೆಯಲ್ಲಿ. ಆ ರಸ್ತೆಯಲ್ಲಿ ಹೋಗುವಾಗಲೆಲ್ಲ ನನಗೆ ಎದೆ ತುಂಬಿ ಬರುತ್ತದೆ.

ಹೆಸರುಗಳ ಜಾಡು ಹಿಡಿಯಿರಿ

ಎರಡನೇ ಆಲ್ಬಮ್ ಆರಿಸುವುದು ಹೇಗೆ? ಫೋನು ತಾನಾಗಿ ತೋರಿಸುವ ಪಟ್ಟಿಯನ್ನು ನಂಬಬೇಡಿ. ಅದು ಒಂದೇ ಥರದ ದನಿಯನ್ನು ತಂದು ತಂದು ಸುರಿಯುತ್ತದೆ. ಆಲ್ಬಮ್ಮಿನ ಹಿಂದೆ ಇರುವ ಸಣ್ಣ ಅಕ್ಷರದ ಹೆಸರುಗಳನ್ನು ನೋಡಿ.

ನನ್ನ ಡಬ್ಬಿಯಲ್ಲಿ ಬಾಸ್ಟನ್ನಿನ ಪಿಕ್ಸೀಸ್ ಬ್ಯಾಂಡಿನ ಡೂಲಿಟಲ್ ಇತ್ತು. 1989ರದು. ಮೆಲ್ಲಗೆ ಹಾಡುತ್ತಾ ಹಾಡುತ್ತಾ ಇದ್ದಕ್ಕಿದ್ದ ಹಾಗೆ ಕಿರುಚುವ ಹಾಡುಗಳು. ಮೊದಲ ಸಲ ಅಮ್ಮ ಅಡುಗೆಮನೆಯಿಂದ ಓಡಿ ಬಂದಿದ್ದರು. ಅವರ ಹಿಂದಿನ ವರ್ಷದ ಆಲ್ಬಮ್, ಸರ್ಫರ್ ರೋಸಾ, ಅದನ್ನು ರೆಕಾರ್ಡ್ ಮಾಡಿದವರು ಸ್ಟೀವ್ ಆಲ್ಬಿನಿ. ಈ ಹೆಸರನ್ನು ಬರೆದಿಟ್ಟುಕೊಳ್ಳಿ. ಪಿಜೆ ಹಾರ್ವಿ ಅವರ 1993ರ ರಿಡ್ ಆಫ್ ಮಿ ಆಲ್ಬಮ್ಮಿನಲ್ಲಿ ಇದೇ ಹೆಸರು ಸಿಗುತ್ತದೆ. ಅದೇ ವರ್ಷದ ನಿರ್ವಾಣ ಬ್ಯಾಂಡಿನ ಇನ್ ಯೂಟೆರೋದಲ್ಲೂ ಸಿಗುತ್ತದೆ. ಮೂರನ್ನೂ ಕೇಳಿ. ಡ್ರಮ್ಮಿನ ಸದ್ದು ಗಮನಿಸಿ. ಒಂದು ಕೋಣೆಯೊಳಗೆ ನೀವೂ ನಿಂತ ಹಾಗೆ ಅನಿಸುತ್ತದೆ, ಗೋಡೆ ಎಷ್ಟು ದೂರ ಇದೆ ಅಂತ ಕೂಡ ಗೊತ್ತಾಗುತ್ತದೆ.

ಆಲ್ಬಿನಿ 2024ರಲ್ಲಿ ತೀರಿಕೊಂಡರು. ಇನ್ ಯೂಟೆರೋ ಮಾಡುವ ಹೊತ್ತಿಗೆ ನಿರ್ವಾಣ ಜಗತ್ತಿನ ದೊಡ್ಡ ಬ್ಯಾಂಡುಗಳಲ್ಲಿ ಒಂದು. 1992ರ ಜನವರಿಯಲ್ಲಿ ಅವರ ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ ಮೈಕೆಲ್ ಜಾಕ್ಸನ್ನನ್ನೇ ಕೆಳಗಿಳಿಸಿ ಮೊದಲ ಜಾಗಕ್ಕೆ ಬಂದಿತ್ತು. ಅಂಥವರ ರೆಕಾರ್ಡಿನಲ್ಲಿ ಪಾಲು ತೆಗೆದುಕೊಂಡಿದ್ದರೆ ಆಲ್ಬಿನಿ ಕುಬೇರರಾಗುತ್ತಿದ್ದರು. ಬೇಡ ಅಂದರು. ನಲ್ಲಿ ರಿಪೇರಿಯವನಿಗೆ ಕೊಡುವ ಹಾಗೆ ಮಾಡಿದ ಕೆಲಸಕ್ಕೆ ಕೂಲಿ ಕೊಡಿ ಸಾಕು, ಹಾಡು ನಿಮ್ಮದು, ಅದರ ಪಾಲು ನನಗೆ ಬೇಡ ಅನ್ನುವ ಅರ್ಥದಲ್ಲಿ ಬ್ಯಾಂಡಿಗೆ ಕಾಗದ ಬರೆದಿದ್ದರು. ಈ ಹಾಡುಗಳು ಯಾಕೆ ಹಳತಾಗುವುದಿಲ್ಲ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಈ ಕಾಗದದ ವಿಷಯ ಹೇಳುತ್ತೇನೆ. ಯಾರನ್ನೂ ಮೆಚ್ಚಿಸಲು ಮಾಡದ ಕೆಲಸಕ್ಕೆ ಕಾಲದ ಫ್ಯಾಷನ್ ಅಂಟಿಕೊಳ್ಳುವುದಿಲ್ಲ.

ನಿರ್ವಾಣದ ಮೊದಲ ಆಲ್ಬಮ್, 1989ರ ಬ್ಲೀಚ್, ರೆಕಾರ್ಡ್ ಆಗಿದ್ದು 606 ಡಾಲರ್ 17 ಸೆಂಟಿನಲ್ಲಿ. ಕವರಿನ ಮೇಲೆ 600 ಡಾಲರ್ ಅಂತ ಲೆಕ್ಕವನ್ನೂ ಹಾಕಿದ್ದಾರೆ.

ಗಲಾಟೆ ಬೇಡ ಅನ್ನುವವರಿಗೆ ನಿಕ್ ಡ್ರೇಕ್ ಅವರ ಪಿಂಕ್ ಮೂನ್. 1972ರದು, 28 ನಿಮಿಷ ಅಷ್ಟೇ. ಎರಡು ರಾತ್ರಿಗಳಲ್ಲಿ ಮುಗಿಸಿದ ರೆಕಾರ್ಡಿಂಗ್. ಒಂದು ದನಿ, ಒಂದು ಗಿಟಾರು, ಒಂದೇ ಒಂದು ಹಾಡಿನಲ್ಲಿ ನಾಲ್ಕು ಸ್ವರ ಪಿಯಾನೋ. ಆಗ ಕೊಂಡವರು ಬಹಳ ಕಮ್ಮಿ. ಎರಡು ವರ್ಷಕ್ಕೆ ಆತ ತೀರಿಕೊಂಡ, 26 ವರ್ಷ ವಯಸ್ಸು. ಭಾವಗೀತೆ ಕೇಳಿ ಬೆಳೆದ ಕಿವಿಗೆ ಇದು ತಕ್ಷಣ ಹತ್ತಿರವಾಗುತ್ತದೆ. ನಮ್ಮ ಅಕ್ಕನಿಗೆ ಹಿಡಿಸಿದ ಏಕೈಕ ಆಲ್ಬಮ್ ಇದು.

ಜಾಯ್ ಡಿವಿಷನ್ನನ್ನು ಐದನೇ ತಿಂಗಳಿಗೆ ಇಟ್ಟುಕೊಳ್ಳಿ. ಅಕ್ಕನ ಮಗ ಮಾಡಿದ ತಪ್ಪು ಅದೇ, ಮೊದಲೇ ಅಲ್ಲಿಗೆ ಹೋದ.

ನಮ್ಮದೂ ಕೇಳಿ

ಇಂಗ್ಲಿಷಿನದೇ ಆಗಬೇಕು ಅಂತೇನಿಲ್ಲ. ಮೈಸೂರು ಅನಂತಸ್ವಾಮಿ ಅವರು 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ರಾಗ ಹಾಕಿ ನಿತ್ಯೋತ್ಸವ ಕ್ಯಾಸೆಟ್ ತಂದಾಗ, ಅದು ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್. ಸಿನಿಮಾ ಇಲ್ಲ, ಹೀರೋ ಇಲ್ಲ, ಪೋಸ್ಟರ್ ಇಲ್ಲ. ಕವಿತೆಯನ್ನೇ ನಂಬಿ ಕ್ಯಾಸೆಟ್ ಮಾಡುವುದಕ್ಕೆ ಆಗ ಎಷ್ಟು ಧೈರ್ಯ ಬೇಕಿತ್ತು ಅಂತ ಯೋಚಿಸಿ. ನಾನು ಇದನ್ನು ಆರ್‌ಇಎಂ ಪಕ್ಕದಲ್ಲೇ ಇಟ್ಟಿದ್ದೇನೆ, ಒಂದೇ ಕಪಾಟು.

ಕೋಲ್ಕತ್ತದ ಮೊಹೀನೇರ್ ಘೋರಾಗುಲಿ 1975ರಲ್ಲಿ ಶುರುವಾದ ಬ್ಯಾಂಡು. 70ರ ದಶಕದಲ್ಲಿ ಮೂರು ಚಿಕ್ಕ ರೆಕಾರ್ಡು ತಂದರು, ಆಗ ಕೇಳಿದವರು ಕಮ್ಮಿ. 90ರ ದಶಕದಲ್ಲಿ ಬಂಗಾಳದ ಹೊಸ ಹುಡುಗರು ಅವರನ್ನು ತಲೆಯ ಮೇಲೆ ಹೊತ್ತುಕೊಂಡರು. ದೆಹಲಿಯ ಇಂಡಿಯನ್ ಓಷನ್ ತಂಡದ 2000ದ ಕಂದೀಸಾ ಕೂಡ ಒಂದು ತಿಂಗಳಿಗೆ ಸಾಲದಷ್ಟು ಇದೆ.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್, ಅಂತರಾಗ್ನಿ ತಂಡ ಕಟ್ಟಿ ವರ್ಷಗಟ್ಟಲೆ ಹಾಡಿ, 2008ರಲ್ಲಿ ಮೊದಲ ಆಲ್ಬಮ್ ತಂದರು. ಶಿಶುನಾಳ ಷರೀಫರ ತತ್ವಪದವನ್ನು ಗಿಟಾರಿನ ಜೊತೆ ಕೇಳಿ ನಮ್ಮ ಲ್ಯಾಬಿನ ಹುಡುಗರು ಕುಣಿಯುತ್ತಿದ್ದರು. ರಘು ಅವರ ತಮ್ಮ ವಾಸು ದೀಕ್ಷಿತ್ ಹಾಡುವ ಸ್ವರಾತ್ಮ ತಂಡದ ಮೊದಲ ಆಲ್ಬಮ್ 2009ರದು. ಅದೂ ಆಗಲೇ ಹಳೆಯದಾಯಿತು, ಅಲ್ವಾ?

ಅಟ್ಟದಲ್ಲಿ ಕ್ಯಾಸೆಟ್ ಇದ್ದವರಿಗೆ

ನಿಮ್ಮ ಮನೆಯ ಅಟ್ಟದಲ್ಲೂ ಒಂದು ಡಬ್ಬಿ ಇರಬಹುದು. ಇಳಿಸಿದ ಕೂಡಲೇ ಪ್ಲೇಯರಿಗೆ ಹಾಕಬೇಡಿ. ಮೊದಲು ಪ್ಲೇಯರಿನ ಹೆಡ್, ಅಂದರೆ ಟೇಪನ್ನು ಓದುವ ಭಾಗ, ಒರೆಸಿ. ಐಸೋಪ್ರೊಪೈಲ್ ಆಲ್ಕೋಹಾಲನ್ನು ಕಿವಿಗೆ ಹಾಕುವ ಹತ್ತಿ ಕಡ್ಡಿಗೆ ಅದ್ದಿ, ಹೊಳೆಯುವ ಹೆಡ್ಡಿನ ಮೇಲೆ ಮೆಲ್ಲಗೆ ಉಜ್ಜಿ. ಕಂದು ಬಣ್ಣ ಬರುತ್ತದೆ. ಬರದಿರುವವರೆಗೆ ಕಡ್ಡಿ ಬದಲಿಸುತ್ತಾ ಹೋಗಿ. ಸ್ಯಾನಿಟೈಸರ್ ಮಾತ್ರ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಅಂಟು ಉಳಿಯುತ್ತದೆ. ಪಕ್ಕದ ರಬ್ಬರ್ ರೋಲರಿಗೆ ಆಲ್ಕೋಹಾಲೂ ಬೇಡ, ಒದ್ದೆ ಬಟ್ಟೆ ಸಾಕು. (ಜಾಯ್ ಡಿವಿಷನ್ ಹುಡುಗರು ಹೆಡ್ ಕ್ಲೀನರ್ ಸ್ಪ್ರೇಯನ್ನೇ ತಾಳಕ್ಕೆ ಸರಿಯಾಗಿ ಪುಸ್ ಪುಸ್ ಅಂತ ಒತ್ತಿ ಒಂದು ಹಾಡಿಗೆ ಬಳಸಿದ್ದಾರೆ. ಐದನೇ ತಿಂಗಳಲ್ಲಿ ಹುಡುಕಿ.)

ಆಮೇಲೆ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿ. ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಬೂಷ್ಟು. ಅದನ್ನು ಓಡಿಸಿದರೆ ಬೂಷ್ಟು ಪ್ಲೇಯರಿಗೂ, ಅಲ್ಲಿಂದ ಬೇರೆ ಕ್ಯಾಸೆಟ್ಟಿಗೂ ಹೋಗುತ್ತದೆ. ಅಂಥದನ್ನು ಬೇರೆ ಇಡಿ. ಟೇಪ್ ಚೆನ್ನಾಗಿದ್ದು ದನಿ ಮಾತ್ರ ಮಂಕಾಗಿದ್ದರೆ, ಕೆಳಗಿನ ಬಾಯಿಯ ಮಧ್ಯದಲ್ಲಿ ನೋಡಿ. ಅಲ್ಲಿ ಒಂದು ಪುಟ್ಟ ಲೋಹದ ಪಟ್ಟಿ, ಅದರ ಮೇಲೆ ತೊಗರಿಬೇಳೆಯಷ್ಟು ಫೆಲ್ಟ್ ತುಂಡು ಇರುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಹಳೆಯ ಕ್ಯಾಸೆಟ್ಟಿನಲ್ಲಿ ಗೋಂದು ಒಣಗಿ ಅದು ಉದುರಿಹೋಗಿರುತ್ತದೆ.

ನನ್ನ ಮರ್ಮರ್ ಕ್ಯಾಸೆಟ್ಟಿಗೆ 2019ರ ಮಳೆಗಾಲದಲ್ಲಿ ಇದೇ ಆಯಿತು. ಅದಕ್ಕೂ ಮುಂಚೆ ಡಬ್ಬಿಯ ಇನ್ನೊಂದು ಕ್ಯಾಸೆಟ್ಟನ್ನು ಸಿಡಿ ಮಾಡಿಸಲು ಒಂದು ಅಂಗಡಿಗೆ ಕೊಟ್ಟಿದ್ದೆ. ಟೇಪ್ ತುಂಡಾಗಿ ಬಂತು, ಒಳಗಿನ ಕೈಬರಹದ ಚೀಟಿ ಬರಲೇ ಇಲ್ಲ. ಅವತ್ತಿಂದ ಎಲ್ಲ ನಾನೇ ಮಾಡುತ್ತೇನೆ.

ಬಿಳಿ ಬಟ್ಟೆ ಹಾಸಿಕೊಂಡು, ಸ್ಟೀಲ್ ತಟ್ಟೆ ಒಂದನ್ನು ಪಕ್ಕದಲ್ಲಿಟ್ಟು ಕೂತೆ. ಐದು ಸ್ಕ್ರೂ. ಬಿಚ್ಚಿದ್ದನ್ನು ತಟ್ಟೆಗೆ ಹಾಕಿದರೆ ಟಿಣ್ ಅನ್ನುತ್ತದೆ, ಎಣಿಸಲು ಸುಲಭ. ಮೇಲಿನ ಚಿಪ್ಪನ್ನು ನೇರವಾಗಿ ಎತ್ತಬೇಕು, ಓರೆ ಮಾಡಿದರೆ ಸುರುಳಿ ಜಾರಿ ಬಿಚ್ಚಿಕೊಳ್ಳುತ್ತದೆ. ಒಳಗೆ ಎರಡು ಬಿಳಿ ಚಕ್ರ, ಮೂಲೆಗಳಲ್ಲಿ ಒಂದೊಂದು ಪುಟ್ಟ ರೋಲರು, ಮೇಲೆ ಕೆಳಗೆ ತೆಳು ಹಾಳೆ. ಟೇಪಿನ ಅಗಲ 3.81 ಮಿಲಿಮೀಟರ್. ಅಷ್ಟು ಸಣ್ಣ ಪಟ್ಟಿಯಲ್ಲಿ ಎರಡೂ ಕಡೆಯ ಹಾಡು, ಎಡ ಬಲ ಸೇರಿ ನಾಲ್ಕು ಸಾಲು. ಬೆರಳು ತಾಗಿಸಬಾರದು, ಬೆರಳಿನ ಜಿಡ್ಡು ಅಂಟುತ್ತದೆ. ಒಂದು ಖಾಲಿ ಕ್ಯಾಸೆಟ್ಟಿನ ಚಿಪ್ಪನ್ನು ಮೊದಲೇ ಬಿಚ್ಚಿ ಇಟ್ಟಿದ್ದೆ. ಎರಡು ಚಕ್ರಗಳನ್ನೂ ಹೆಬ್ಬೆರಳು ತೋರುಬೆರಳಲ್ಲಿ ಒಟ್ಟಿಗೆ ಹಿಡಿದು, ಮಧ್ಯದ ಟೇಪ್ ಸಡಿಲವಾಗದ ಹಾಗೆ, ಉಸಿರು ಬಿಗಿಹಿಡಿದು ಹೊಸ ಚಿಪ್ಪಿಗೆ ಇಳಿಸಿದೆ. ಹೊಸದರ ಫೆಲ್ಟ್ ಸರಿಯಾಗಿತ್ತು. ಮುಚ್ಚಿ, ಸ್ಕ್ರೂ ಹಾಕಿ, ಪೆನ್ಸಿಲ್ ತೂರಿಸಿ ನಾಲ್ಕು ಸುತ್ತು ತಿರುಗಿಸಿ ಪ್ಲೇ ಒತ್ತಿದೆ. ಮೊದಲ ಹಾಡಿನ ಶುರುವಿನ ಗುಂಯ್ ಸದ್ದು ಬಂತು. ನಮ್ಮ ಮನೆಯವರು ಪೇಪರ್ ಓದುವುದನ್ನು ಬಿಟ್ಟು ಚಪ್ಪಾಳೆ ಹೊಡೆದರು.

ಸ್ಕ್ರೂ ಇಲ್ಲದೆ ಅಂಟಿಸಿದ ಕ್ಯಾಸೆಟ್ಟಾದರೆ ಅಂಚಿನಲ್ಲಿ ಬ್ಲೇಡು ಆಡಿಸಿ ಬಿಡಿಸಬೇಕು. ಬೇಡದ ಕ್ಯಾಸೆಟ್ ಮೇಲೆ ಎರಡು ಸಲ ಅಭ್ಯಾಸ ಮಾಡಿ ಆಮೇಲೆ ಕೈಹಾಕಿ.

ಇಡುವಾಗ ನಿಲ್ಲಿಸಿ ಇಡಿ, ಮಲಗಿಸಬೇಡಿ. ಸ್ಪೀಕರಿನ ಮೇಲೆ ಬೇಡ, ಅಯಸ್ಕಾಂತ ಇರುತ್ತದೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ವರ್ಷಕ್ಕೊಮ್ಮೆ ಎರಡೂ ಕಡೆ ಪೂರ್ತಿ ಓಡಿಸಿ.

ಭಾನುವಾರ ನಾಲ್ಕು ಗಂಟೆ

ಈಗ ನಮ್ಮ ಕುವೆಂಪುನಗರದ ಮನೆಯಲ್ಲಿ ತಿಂಗಳ ಕೊನೆಯ ಭಾನುವಾರ ಐದಾರು ಜನ ಸೇರುತ್ತೇವೆ. ನಿಯಮ ಒಂದೇ: ಒಂದು ಕಡೆ ಮುಗಿಯುವವರೆಗೆ ಮಾತಿಲ್ಲ, ಫೋನಿಲ್ಲ. ಆಮೇಲೆ ಕಾಫಿ, ಆಮೇಲೆ ಜಗಳ. ಎದುರು ಮನೆಯ ರಿಟೈರ್ಡ್ ಮೇಷ್ಟ್ರು ಪಿಕ್ಸೀಸ್ ಕೇಳಿ, "ಇದು ಯಕ್ಷಗಾನದ ರಾಕ್ಷಸ ವೇಷದ ಅಬ್ಬರ ಕಣ್ರೀ" ಅಂದರು. ಅದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಒಬ್ಬರೇ ಕೇಳಿದಾಗ ಗೊತ್ತಾಗದ್ದು ನಾಲ್ಕು ಜನರ ನಡುವೆ ಗೊತ್ತಾಗುತ್ತದೆ. ಅಕ್ಕನ ಮಗ ಈಗ ತಪ್ಪದೆ ಬರುತ್ತಾನೆ. ಅದೇ ಟೀ ಶರ್ಟ್ ಹಾಕಿಕೊಂಡು.

ಕಂಪ್ಯೂಟರಿಗೆ ಇಳಿಸುವಾಗ

ಪ್ಲೇಯರಿನ ಇಯರ್‌ಫೋನ್ ತೂತಿನಿಂದ ಲೈನ್ ಇನ್ (ಹೊರಗಿನ ದನಿಯನ್ನು ಒಳಗೆ ತೆಗೆದುಕೊಳ್ಳುವ ತೂತು) ಇರುವ ಯುಎಸ್‌ಬಿ ಸೌಂಡ್ ಕಾರ್ಡಿಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ. ಎರಡೂ ಕಡೆ ಪಿನ್ ಇರುವ ಸಾಧಾರಣ ಕೇಬಲ್ ಸಾಕು. ಆಡಾಸಿಟಿ ಅನ್ನುವ ತಂತ್ರಾಂಶ ಉಚಿತ. ದನಿಯ ಮಟ್ಟ ಜೋರಾದ ಕಡೆಯಲ್ಲೂ ಕೆಂಪಿಗೆ ಹೋಗದ ಹಾಗೆ ನೋಡಿಕೊಳ್ಳಿ. ಮೊದಲು ವೇವ್ ಫೈಲಾಗಿಯೇ ಉಳಿಸಿ. 45 ನಿಮಿಷಕ್ಕೆ ಸುಮಾರು 476 ಎಂಬಿ ಆಗುತ್ತದೆ, ಆಗಲಿ. ಎಂಪಿ3 ಆಮೇಲೆ ಮಾಡಿಕೊಳ್ಳಬಹುದು. ಸುಯ್ ಅನ್ನುವ ಟೇಪಿನ ಸದ್ದನ್ನು ಪೂರ್ತಿ ತೆಗೆಯಲು ಹೋಗಬೇಡಿ, ಅದರ ಜೊತೆ ಹಾಡಿನ ಉಸಿರೂ ಹೋಗುತ್ತದೆ.

ಇನ್ನೊಂದು. ಹಾಡು ಮುಗಿದ ಮೇಲೆ ಉಳಿಯುವ ಖಾಲಿ ಟೇಪನ್ನು ಕತ್ತರಿಸಬೇಡಿ. ನನ್ನದು ಮನೆಯಲ್ಲಿ ತುಂಬಿಸಿದ ಸಿ-90 ಕ್ಯಾಸೆಟ್, ಒಂದು ಕಡೆಗೆ 45 ನಿಮಿಷ. ಎ ಕಡೆ ಮರ್ಮರ್ 44 ನಿಮಿಷ ತುಂಬಿಕೊಂಡಿದೆ. ಬಿ ಕಡೆ ಡೂಲಿಟಲ್ 38 ನಿಮಿಷಕ್ಕೆ ಮುಗಿಯುತ್ತದೆ. ಇಪ್ಪತ್ತೇಳು ವರ್ಷ ನಾನು ಅಲ್ಲೇ ಸ್ಟಾಪ್ ಒತ್ತಿ ತಿರುಗಿಸುತ್ತಿದ್ದೆ. 2019ರಲ್ಲಿ ಕಂಪ್ಯೂಟರಿಗೆ ಇಳಿಸಲು ಬಿಟ್ಟು ಒಗ್ಗರಣೆ ಹಾಕಲು ಹೋಗಿದ್ದೆ. ಹಾಡು ನಿಂತಿತು. ಎರಡು ನಿಮಿಷ ಬರೀ ಸುಯ್. ಆಮೇಲೆ ಯಾರೋ ಎಣಿಸುವ ದನಿ. "ಒಂದು, ಎರಡು, ಮೂರು, ಚತ್ವಾರಿ..."

"ಚತ್ವಾರಿ ಅಲ್ಲಪ್ಪ, ನಾಲ್ಕು. ಅದು ನಿಮ್ಮ ಯೋಗದ ಲೆಕ್ಕ. ಹಾಲಿನವನಿಗೆ ನಾಲ್ಕು ಅನ್ನಬೇಕು." ನಮ್ಮ ಅಜ್ಜಿ.

"ನಾಲ್ಕು," ಅಂದ ಅವನು. "ಅರ್ಧ ಲೀಟರ್ ಹಾಲು ಕೊಡಿ."

"ಹಾಂ. ಈಗ ಎಷ್ಟಾಯ್ತು ಅಂತ ಕೇಳು."